ಅಂಚು ಬಿಟ್ಟು ಬರೆದ ಸಿನರ್ಜಿ

ಆ ಹೊಲಿಗೆ ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಕೇಳಿಸಿಕೊಳ್ಳುತ್ತಿದ್ದವರಿಗೆ ತಲೆಯೇ ಇರಲಿಲ್ಲ. ಕೋಟು ತೊಡಿಸಿ ನೋಡುವುದಕ್ಕೆಂದು ಇಟ್ಟಿದ್ದ ಬೊಂಬೆ ಅದು. ಕತ್ತಿನ ಮೇಲೆ ಒಂದು ಮರದ ಗುಬುಟು, ಸೊಂಟದ ಕೆಳಗೆ ಒಂಟಿ ಕಾಲು. ಮೈಮೇಲೆ ಯಾವಾಗಲೂ ಯಾರದಾದರೂ ಅರ್ಧ ಹೊಲಿದ ಕೋಟು ಇರುತ್ತಿದ್ದುದರಿಂದ ಅದಕ್ಕೆ ಸಾಹೇಬರು ಎಂದು ಹೆಸರು. ಅಂಗಡಿಯ ಅಣ್ಣ ತಮ್ಮಂದಿರು ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನೆಲ್ಲ ಸಾಹೇಬರಿಗೇ ಹೇಳುತ್ತಿದ್ದರು.

ಅಣ್ಣ ಬಟ್ಟೆ ಕತ್ತರಿಸುವವನು, ತಮ್ಮ ಹೊಲಿಯುವವನು. ಜಗಳದ ಮೂಲ ಒಂದು ಪ್ಯಾಂಟು. ಗಿರಾಕಿಯೊಬ್ಬ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಎಡಗಾಲು ಗಿಡ್ಡವಾಗಿ ಕಂಡಿತು. ಹೊಲಿಗೆಯಲ್ಲಿ ತಿಂದುಹಾಕಿದ್ದಾನೆ ಎಂದು ಅಣ್ಣ ಗಿರಾಕಿಯ ಎದುರಿಗೇ ಅಂದ. ಕತ್ತರಿಯಲ್ಲೇ ಹೋಗಿತ್ತು ಎಂದು ತಮ್ಮ ಅಂದ. ಗಿರಾಕಿ, ಪಾಪ, ತನ್ನ ಎಡಗಾಲೇ ಕೊಂಚ ಉದ್ದ ಎಂದು ಹೇಳಲು ಬಾಯಿ ತೆರೆದ. ಇಬ್ಬರೂ ಸೇರಿ ಅವನ ಬಾಯಿ ಮುಚ್ಚಿಸಿದರು. ಅಣ್ಣ ತಮ್ಮ ಒಮ್ಮತದಿಂದ ಮಾಡಿದ ಕೊನೆಯ ಕೆಲಸ ಅದು.

ಅಂದಿನಿಂದ ಅಣ್ಣ ಕತ್ತರಿ ಆಡಿಸುತ್ತಾ, ತೋಳು ಹತ್ತಿಸುವಾಗ ಕಣ್ಣು ಬಿಟ್ಟುಕೊಂಡು ಹತ್ತಿಸಬೇಕೆಂದು ಕೆಲವರಿಗೆ ತಿಳಿಸಬೇಕಾಗಿ ಸಾಹೇಬರನ್ನು ಕೋರುವನು. ತೋಳಿಗೆಂದು ಕೊಟ್ಟ ಬಟ್ಟೆ ತೋಳಿನ ಆಕಾರದಲ್ಲಿದ್ದರೆ ಹಾಗೆಯೇ ಆಗಲಿ ಎಂದು ತಮ್ಮ ಮಷಿನ್ನು ತುಳಿಯುತ್ತಲೇ ಸಾಹೇಬರಿಗೆ ವಿನಯದಿಂದ ಉತ್ತರ ಕೊಡುವನು. ಸಾಹೇಬರು ಯಾರ ಪರವನ್ನೂ ವಹಿಸಲಿಲ್ಲ. ಅವರಷ್ಟು ದೊಡ್ಡ ಮನಸ್ಸು ತಲೆ ಇದ್ದವರಿಗೆ ಬರುವುದು ಕಷ್ಟ.

ಇವರಿಬ್ಬರ ನಡುವೆ ಕೂತು ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದವಳು ಅಣ್ಣನ ಹೆಂಡತಿ. ಓಣಿಯವರಿಗೆಲ್ಲ ಅವಳು ಅತ್ತಿಗೆಯೇ. ಅವಳ ಅಪ್ಪ ಬೆಳಗಿನ ಹೊತ್ತು ಪದ್ಯ ಓದುತ್ತಿದ್ದವರು. ಒಂದೊಂದು ಸಾಲನ್ನೂ ಎರಡೆರಡು ಸಲ ಓದುವರು, ಮೊದಲನೆಯದು ಕಿವಿಗೆ, ಎರಡನೆಯದು ಮನಸ್ಸಿಗೆ. ಅದನ್ನು ಕೇಳುತ್ತ ಬೆಳೆದವಳಾದ್ದರಿಂದ ಅತ್ತಿಗೆ ಮಾತಾಡುವುದಕ್ಕಿಂತ ಕೇಳುವುದೇ ಜಾಸ್ತಿ. ಮಷಿನ್ನಿನ ಸದ್ದು, ಕತ್ತರಿಯ ಸದ್ದು, ನಡುವೆ ಸಾಹೇಬರಿಗೆ ಸಲ್ಲುವ ಮನವಿಗಳು, ಎಲ್ಲವನ್ನೂ ಕೇಳುತ್ತ ಸೂಜಿಗೆ ದಾರ ಪೋಣಿಸುವಳು. ದೇವರೇ, ಈ ಇಬ್ಬರ ಬಾಯಿಗೂ ಒಂದೊಂದು ಗುಂಡಿ ಹಾಕು, ಕಾಜಾ ಬೇಕಾದರೆ ನಾನೇ ಮಾಡಿಕೊಡುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುವಳು.

ಹೀಗಿರುವಾಗ ಅಂಗಡಿಯಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರೆಂದು ಗೊತ್ತಾಯಿತು. ಎದುರಿಗೇ ಹೊಸ ಕಟ್ಟಡ ಎದ್ದು ನಿಂತಿತ್ತು. ಅದರಲ್ಲಿ ಅಂಗಡಿಗಳು ಕಡಿಮೆ, ಕೇಳುವವರು ಜಾಸ್ತಿ. ಹಾಗಾಗಿ ಎರಡು ಕಸುಬಿನವರಿಗೆ ಸೇರಿ ಒಂದು ಅಂಗಡಿ ಎಂದು ನಿಯಮವಾಯಿತು. ಕತ್ತರಿ ಒಂದು ಕಸುಬು, ಹೊಲಿಗೆ ಇನ್ನೊಂದು ಎಂದು ಅಣ್ಣ ತಮ್ಮಂದಿರೂ ಆ ಲೆಕ್ಕಕ್ಕೆ ಸೇರಿದರು. ನಿಯಮ ಮಾಡಿದವರು ಕಟ್ಟಡದ ಕಚೇರಿಯಲ್ಲಿ ಕೂರುವ ಒಬ್ಬ ಮೇಡಂ. ಆಕೆ ಈ ಕೆಲಸಕ್ಕೆ ಬರುವ ಮೊದಲು ದೊಡ್ಡ ದೊಡ್ಡ ಕಂಪನಿಗಳ ವರದಿಗಳನ್ನು ಓದಿ ಇಂಗ್ಲಿಷ್ ತಿದ್ದುವ ಕೆಲಸದಲ್ಲಿದ್ದರು. ಅಲ್ಲಿ ಸಿನರ್ಜಿ ಎಂಬ ಒಂದೇ ಪದವನ್ನು ಜನ ಎಲ್ಲೆಂದರಲ್ಲಿ ಬಳಸುವುದನ್ನು ನೋಡಿ ನೋಡಿ ಅವರಿಗೆ ತಲೆನೋವು ಶುರುವಾಗಿ, ಆ ಕೆಲಸವನ್ನೇ ಬಿಟ್ಟರಂತೆ. ತಲೆನೋವು ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಕಚೇರಿಯ ಬಾಗಿಲಿಗೆ ಅವರು ಅಂಟಿಸಿದ ನೋಟೀಸಿನ ಸಾರಾಂಶ ಇಷ್ಟು: ನಿಮ್ಮಿಬ್ಬರ ಕಸುಬುಗಳ ನಡುವೆ ಸಿನರ್ಜಿ ಇದೆ ಎನ್ನುವುದಾದರೆ ಅದನ್ನು ಒಂದು ಪುಟದ ಇಂಗ್ಲಿಷಿನಲ್ಲಿ ಸ್ವಂತ ಬರೆದು ತನ್ನಿ. ಪದವನ್ನು ಸರಿಯಾಗಿ ಬಳಸಿದವರಿಗೆ ಅಂಗಡಿ. ತಪ್ಪಾಗಿ ಬಳಸಿದವರಿಗೆ ನಮಸ್ಕಾರ.

ಅಂಗಡಿ ಸಿಗದಿದ್ದರೆ ಮುಂದೇನು ಎಂಬುದು ಮನೆಯಲ್ಲಿ ಆಗಲೇ ಇತ್ಯರ್ಥವಾಗಿತ್ತು. ಅಣ್ಣ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕತ್ತರಿಗೆ ಸೇರುವುದು, ತಮ್ಮ ಇನ್ನೊಂದರಲ್ಲಿ ಹೊಲಿಗೆಗೆ. ಇಬ್ಬರಿಗೂ ಅದೇನು ದೊಡ್ಡ ನಷ್ಟವೆಂದು ಅನ್ನಿಸಿರಲಿಲ್ಲ. ಮುಖ ನೋಡುವುದು ತಪ್ಪುತ್ತದಲ್ಲ ಎಂಬ ಸಂತೋಷವೇ ಇತ್ತು. ಉಳಿದವಳು ಅತ್ತಿಗೆ. ಆ ಕಾರ್ಖಾನೆಗಳಲ್ಲಿ ಕಾಜಾಕ್ಕೂ ಮಷಿನ್ನು, ಗುಂಡಿಗೂ ಮಷಿನ್ನು. ಮದುವೆಯಾಗಿ ಬಂದಂದಿನಿಂದ ಬೀದಿಯ ಬೆಳಕಿಗೆ ಬಟ್ಟೆ ಹಿಡಿದು, ನಾಲ್ಕು ಜನರ ಮಾತು ಕೇಳುತ್ತ ಕೆಲಸ ಮಾಡಿದವಳು ಇನ್ನು ಮನೆಯೊಳಗೆ ಕೂತು ಕುಕ್ಕರಿನ ಸೀಟಿ ಎಣಿಸಬೇಕು. ಅವಳಿಗೆ ಅಂಗಡಿ ಬೇಕಿತ್ತು. ಬೇಕೇ ಬೇಕಿತ್ತು.

ಆ ಪದದ ಅರ್ಥ ಕೇಳುವುದಕ್ಕೆ ಅವರಿಗೆ ಮೇಷ್ಟ್ರು ಸಿಕ್ಕರು. ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮನುಷ್ಯ. ಹೊಟ್ಟೆ ಬೆಳೆದಂತೆಲ್ಲ ಪ್ಯಾಂಟುಗಳ ಸೊಂಟ ಬಿಚ್ಚಿಸಿಕೊಳ್ಳಲು ಬರುವರು. ಟವೆಲು ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತು, ಬಿಚ್ಚಿದ ಪ್ಯಾಂಟಿಗೆ ಕಾಯುತ್ತಿದ್ದಾಗ ಅತ್ತಿಗೆ ಕೇಳಿದಳು. ಟವೆಲಿನಲ್ಲಿದ್ದರೂ ಮೇಷ್ಟ್ರ ಗಾಂಭೀರ್ಯಕ್ಕೇನೂ ಕೊರತೆಯಾಗಲಿಲ್ಲ. ಎರಡು ವಸ್ತು ಸೇರಿದ ಮಾತ್ರಕ್ಕೆ ಸಿನರ್ಜಿ ಆಗದು ಎಂದು ಪಾಠ ಶುರು ಮಾಡಿದರು. ಬಸ್ಸಿಗೆ ಕಾಯುತ್ತ ಇಬ್ಬರು ಅಕ್ಕಪಕ್ಕ ನಿಂತರೆ ಅದು ಸಿನರ್ಜಿ ಅಲ್ಲ, ಬಸ್ ಸ್ಟಾಪು. ಎರಡು ಕೂಡಿದಾಗ, ಎರಡನ್ನೂ ಬೇರೆ ಬೇರೆ ಇಟ್ಟು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚಿನದೇನೋ ಹುಟ್ಟಬೇಕು.

"ಕಪ್ಪು ಬಸಿ?" ಎಂದು ಅತ್ತಿಗೆ ಕೇಳಿದಳು.

"ಅದು ಅನುಕೂಲ ಅಷ್ಟೇ ಕಣಮ್ಮ."

"ಬೀಗ, ಬೀಗದ ಕೈ?"

"ಅದು ಅವಶ್ಯಕತೆ."

"ಗಂಡ ಹೆಂಡ್ತಿ?"

ಮೇಷ್ಟ್ರು ಟವೆಲಿನ ಗಂಟು ಬಿಗಿ ಮಾಡಿಕೊಂಡರು. "ಕೆಲವು ಮನೇಲಿ," ಅಂದರು. ಆಮೇಲೆ ಬೆರಳೆತ್ತಿ, "ಒಂದು ನೆನಪಿಟ್ಕೊ. ಬರೆಯೋವಾಗ ಇದರ ಅದರ ಮಧ್ಯೆ ಸಿನರ್ಜಿ ಇದೆ ಅಂತ ಬರೆದ್ರೆ ಸಾಲದು. ಅದರಿಂದ ಏನು ಹುಟ್ತು ಅಂತಾನೂ ಹೇಳ್ಬೇಕು. ಹೊಸದೇನೂ ಹುಟ್ಟದೆ ಇದ್ರೆ ಆ ಪದಾನ ಮುಟ್ಟಬಾರದು," ಎಂದರು.

ನೀವೇ ಬರೆದುಕೊಡಿ ಎಂದರೆ ಒಪ್ಪಲಿಲ್ಲ. ಸ್ವಂತ ಬರೆಯಬೇಕೆಂದು ನಿಯಮವಿದೆ. ತಾನು ಜೀವಮಾನವಿಡೀ ನಕಲು ಹಿಡಿದವನು, ಈಗ ನಕಲು ಮಾಡಿಸಲಾರೆ ಎಂದರು. ಆಮೇಲೆ ಪ್ಯಾಂಟು ತೊಟ್ಟು ಹೊರಟುಹೋದರು.

ಅಣ್ಣ ತಮ್ಮ ಇಬ್ಬರೂ ಶಾಲೆಯಲ್ಲಿ ಇಂಗ್ಲಿಷ್ ಕಲಿತವರೇ. ಆದರೆ ಮೇಷ್ಟ್ರ ಪಾಠ ನಡೆಯುವಾಗ ಒಬ್ಬನ ಕಿವಿಯಲ್ಲಿ ಮಷಿನ್ನಿನ ಸದ್ದು, ಇನ್ನೊಬ್ಬನ ಕಿವಿಯ ಮೇಲೆ ಪೆನ್ಸಿಲು. ಅತ್ತಿಗೆ ಇಬ್ಬರಿಗೂ ಬೇರೆ ಬೇರೆಯಾಗಿ ಅರ್ಥ ಹೇಳಿದಳು. ಇಬ್ಬರೂ ತಲೆಯಾಡಿಸಿದರು. ಆಮೇಲೆ ತಮಗೆ ಗೊತ್ತಿದ್ದ ಒಂದೇ ಪದ್ಧತಿಯಲ್ಲಿ ಪುಟವನ್ನು ತಯಾರಿಸಲು ಕೂತರು. ಅಂದರೆ ಅಣ್ಣ ಕತ್ತರಿಸುವುದು, ತಮ್ಮ ಜೋಡಿಸುವುದು.

ಅಣ್ಣ ಕಂದು ಕಾಗದವನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ತೀಡಿ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ವಾಕ್ಯಗಳನ್ನು ಬರೆದ. ಬರೆದದ್ದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದ. ಬಟ್ಟೆ ಕತ್ತರಿಸುವವನಿಗೆ ಒಂದು ಅಭ್ಯಾಸ ಇರುತ್ತದೆ: ಹೊಲಿಗೆಯೊಳಗೆ ಮಡಚಿಹೋಗಲೆಂದು ಪ್ರತಿ ತುಂಡಿಗೂ ಒಂದಿಷ್ಟು ಅಂಚು ಬಿಡುವುದು. ಅಂಚಿಲ್ಲದ ತುಂಡನ್ನು ಅಣ್ಣ ಕೈಯಿಂದ ಆಚೆ ಬಿಟ್ಟವನೇ ಅಲ್ಲ. ಆದ್ದರಿಂದ ಒಂದು ಪಟ್ಟಿಯ ಕೊನೆಯ ಮಾತುಗಳನ್ನೇ ಮುಂದಿನ ಪಟ್ಟಿಯ ಮೊದಲಲ್ಲೂ ಬರೆದ. ಒಂದರ ಮೇಲೊಂದು ಕೂತಾಗ ಹೆಚ್ಚಿನದು ಒಳಗೆ ಹೋಗುತ್ತದೆ. ಹೊಲಿಯುವವನಿಗೆ ಇದನ್ನು ಹೇಳಿಕೊಡಬೇಕೇ?

ಹೇಳಿಕೊಡಬೇಕಾಗಿತ್ತು. ತಮ್ಮನಿಗೆ ಪಟ್ಟಿಗಳನ್ನು ನೋಡಿದಾಗ ಮಾತುಗಳು ಎರಡೆರಡು ಸಲ ಬಂದಿವೆ ಎಂದು ಕಂಡಿತು. ಅಂಚಿರಬಹುದು ಎಂದೂ ಅನ್ನಿಸಿತು. ಆದರೆ ಒಂದೇ ಒಂದು ಮಾತು ಬಿಟ್ಟರೂ ಹೊಲಿಗೆಯಲ್ಲಿ ತಿಂದುಹಾಕಿದ ಎಂದು ನಾಳೆ ಸಾಹೇಬರ ಮುಂದೆ ದೂರು ಹೋಗುತ್ತದೆ. ಕೇಳೋಣವೆಂದರೆ ಮಾತಿಲ್ಲ. ಹಾಗಾಗಿ ಇದ್ದದ್ದನ್ನೆಲ್ಲ, ಒಂದಕ್ಷರ ಬಿಡದೆ, ಬಿಳಿಯ ಹಾಳೆಗೆ ದುಂಡಗೆ ಇಳಿಸಿದ. ಇಳಿಸಿದ ಮೇಲೆ ಪುಟ ಬೋಳು ಬೋಳಾಗಿ ಕಂಡಿತು. ಬೋಳಾಗಿ ಕಂಡ ಬಟ್ಟೆಗೆ ನಾಲ್ಕು ಚಂದದ ಗುಂಡಿ ಹಚ್ಚುವುದು ತಮ್ಮನ ರೂಢಿ. ಸಿನರ್ಜಿ ಎಂಬ ಪದ ಅವನ ಕಣ್ಣಿಗೆ ಹೊಳೆಯುವ ಗುಂಡಿಯಂತೆಯೇ ಕಂಡಿದ್ದರಿಂದ ಜಾಗ ಸಿಕ್ಕಲ್ಲೆಲ್ಲ ಒಂದೊಂದು ಹಚ್ಚಿದ.

ಸಿದ್ಧವಾದ ಪುಟವನ್ನು ಗುಂಡುಪಿನ್ನು ಹಾಕಿ ಸಾಹೇಬರ ಎದೆಗೆ ಸಿಕ್ಕಿಸಿದರು. ಅಣ್ಣ ಮೂರು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ. ಟೇಪು ತಂದು ನಾಲ್ಕೂ ಬದಿಯ ಖಾಲಿ ಜಾಗವನ್ನು ಅಳೆದ. ಕೆಳಗಿನ ಅಂಚು ನೆಟ್ಟಗಿತ್ತು, ಸುಕ್ಕಿರಲಿಲ್ಲ, ಎಡಬಲ ಸಮ ಇತ್ತು. ತಪ್ಪು ಸಿಗಲಿಲ್ಲವೆಂದು ಅವನಿಗೆ ಬೇಜಾರೇ ಆಯಿತು. ಓದಬೇಕೆಂದು ಮಾತ್ರ ತೋಚಲಿಲ್ಲ.

ಅತ್ತಿಗೆ ಅದನ್ನು ತಮ್ಮನ ಬಾಯಿಂದ ಒಮ್ಮೆ ಓದಿಸಿ ಕೇಳಿದಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಕಿವಿ ಮಾತ್ರ ಚುರುಕು. ಪ್ರತಿ ಸಾಲಿನ ಕೊನೆಯೂ ಎರಡೆರಡು ಸಲ ಬರುತ್ತಿತ್ತು. ಅಪ್ಪ ಓದುತ್ತಿದ್ದುದೂ ಹಾಗೆಯೇ ಅಲ್ಲವೇ. ಒಂದು ಕಿವಿಗೆ, ಒಂದು ಮನಸ್ಸಿಗೆ. ಇಂಗ್ಲಿಷಿನಲ್ಲೂ ಇಂಥ ಸಂಪ್ರದಾಯ ಇದೆಯಲ್ಲ ಎಂದು ಅವಳ ಕಣ್ಣು ತುಂಬಿ ಬಂತು. ಪುಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿದಳು.

ಕಚೇರಿಯಲ್ಲಿ ಅವಳಿಗಿಂತ ಮುಂದೆ ಕ್ಷೌರದವನೂ ಟೋಪಿ ಮಾರುವವನೂ ನಿಂತಿದ್ದರು. ಒಬ್ಬ ತಲೆ ಕೆಡಿಸುತ್ತಾನೆ, ಇನ್ನೊಬ್ಬ ಮುಚ್ಚುತ್ತಾನೆ, ಇದು ವ್ಯಾಪಾರವೇ ಹೊರತು ಸಿನರ್ಜಿ ಅಲ್ಲ ಎಂದು ಮೇಡಂ ಅವರಿಬ್ಬರನ್ನೂ ಕಳಿಸಿಕೊಟ್ಟರು. ಆಮೇಲೆ ಅತ್ತಿಗೆಯ ಪುಟ ತೆಗೆದುಕೊಂಡು ಗಟ್ಟಿಯಾಗಿ ಓದಿದರು. ಅದರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ನಾನು ಬಟ್ಟೆ ಕತ್ತರಿಸುತ್ತೇನೆ. ಬಟ್ಟೆ ಕತ್ತರಿಸುತ್ತೇನೆ, ನನ್ನ ತಮ್ಮ ಸಿನರ್ಜಿಯಿಂದ ಹೊಲಿಯುತ್ತಾನೆ. ಸಿನರ್ಜಿಯಿಂದ ಹೊಲಿಯುತ್ತಾನೆ, ನನ್ನ ಹೆಂಡತಿ ಸಿನರ್ಜಿಯ ಗುಂಡಿ ಹಾಕುತ್ತಾಳೆ. ಗುಂಡಿ ಹಾಕುತ್ತಾಳೆ, ನಮ್ಮ ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಸಿನರ್ಜಿ ಇದೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬರೆದವರಿಗೆ ಮೈಯಲ್ಲಿ ಹುಷಾರಿದೆಯೇ ಎಂದು ವಿಚಾರಿಸಿದರು. ಇದೆ ಎಂದಳು ಅತ್ತಿಗೆ. ಹಾಗಾದರೆ ನಮಸ್ಕಾರ ಎಂದರು ಮೇಡಂ.

ಅತ್ತಿಗೆ ಕದಲಲಿಲ್ಲ. ಮೇಡಮ್ಮಿಗೂ ಒಂದು ಕ್ಷಣ ಕನಿಕರ ಬಂದಿರಬೇಕು.

"ನೋಡಿಯಮ್ಮ, ಕತ್ತರಿಸಿದ್ರು, ಹೊಲಿದ್ರು, ಬಟ್ಟೆ ಆಯ್ತು. ಅದು ಎಲ್ಲ ಟೈಲರ್ ಅಂಗಡೀಲೂ ಆಗುತ್ತೆ. ಇವರಿಬ್ಬರೇ ಸೇರಿದಾಗ ಮಾತ್ರ ಹುಟ್ಟೋದು ಏನಾದ್ರೂ ಇದೆಯಾ? ಒಬ್ರೇ ಇದ್ರೆ ಆಗದೆ ಇರೋದು?"

ಸುಳ್ಳು ಹೇಳುವುದು ಅತ್ತಿಗೆಗೆ ಬರುತ್ತಿರಲಿಲ್ಲ.

"ಜಗಳ, ಮೇಡಂ."

ಮೇಡಂ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಅತ್ತಿಗೆ ಎಲ್ಲವನ್ನೂ ಹೇಳಿದಳು: ಪ್ಯಾಂಟಿನ ಕಾಲು, ಸಾಹೇಬರು, ಮನವಿ, ಉತ್ತರ. ಇಬ್ಬರೂ ಬೇರೆಯವರ ಜೊತೆ ತುಂಬಾ ಒಳ್ಳೆಯವರು, ಒಬ್ಬೊಬ್ಬರೇ ಇದ್ದಾಗಲೂ ಒಳ್ಳೆಯವರು. ಕೂಡಿದರೆ ಮಾತ್ರ ಹೀಗೆ ಎಂದಳು. ಮೇಡಂ ಪೆನ್ನಿನಿಂದ ಮೇಜು ಕುಟ್ಟುತ್ತ ಕೇಳಿದರು. ಇದು ಅರ್ಧ ಸರಿಯಾಗಿದೆ ಎಂದರು. ಜಗಳದಿಂದ ಕೆಡುಕು ಮಾತ್ರ ಹುಟ್ಟುವುದಾದರೆ ಅದಕ್ಕೆ ಬೇರೆ ಪದ ಇದೆ, ಒಳ್ಳೆಯದೇನಾದರೂ ಹುಟ್ಟಿದೆಯೇ ಎಂದು ಕೇಳಿದರು.

ಆಗ ಅತ್ತಿಗೆಗೆ ತಾನು ಯಾವತ್ತೂ ಯೋಚಿಸದೆ ಇದ್ದ ಒಂದು ಸಂಗತಿ ಹೊಳೆಯಿತು. ಜಗಳಕ್ಕೆ ಮೊದಲು ಹೊಲಿದ ಬಟ್ಟೆ ಆಗಾಗ ವಾಪಸು ಬರುತ್ತಿತ್ತು. ಕಂಕುಳು ಬಿಗಿ, ಕಾಲರು ಸೊಟ್ಟ, ಜೇಬು ಗಿಡ್ಡ ಎಂದು. ಜಗಳ ಶುರುವಾದ ಮೇಲೆ ಒಂದೂ ಬಂದಿಲ್ಲ. ಬರುವುದಾದರೂ ಹೇಗೆ? ತಮ್ಮನಿಗೆ ತಪ್ಪು ಸಿಗಬಾರದೆಂದು ಅಣ್ಣ ಒಂದು ಗೆರೆಯನ್ನು ಎರಡೆರಡು ಸಲ ಅಳೆಯುತ್ತಾನೆ. ಅಣ್ಣನ ಬಾಯಿಗೆ ಸಿಗಬಾರದೆಂದು ತಮ್ಮ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ.

ಮೇಡಮ್ಮಿನ ಮುಖದಲ್ಲಿ ತಲೆನೋವು ಇಳಿಯುತ್ತಿರುವವರ ಕಳೆ ಬಂತು. ಇದನ್ನೇ ಬರೆಯಿಸಿ ಎಂದರು. ಆದರೆ ಕಚೇರಿ ಮುಚ್ಚುವುದರೊಳಗೆ, ಇಲ್ಲೇ ಕೂತು, ಇಬ್ಬರೂ ಸೇರಿ.

ಅಣ್ಣ ರಸ್ತೆಯ ಒಂದು ಬದಿಯಿಂದ, ತಮ್ಮ ಇನ್ನೊಂದು ಬದಿಯಿಂದ ಬಂದರು. ಬೆಂಚಿನ ಎರಡು ತುದಿಗೆ ಕೂತರು. ಸಾಹೇಬರು ಅಲ್ಲಿರಲಿಲ್ಲ. ಅಣ್ಣ ಸುತ್ತ ಕಣ್ಣಾಡಿಸಿ, ಬೇರೆ ದಾರಿ ಕಾಣದೆ, "ಮೇಡಂ, ಮೊದಲ ವಾಕ್ಯ ಚಿಕ್ಕದಿರಲಿ ಅಂತ ಅವನಿಗೆ ಹೇಳಿ," ಎಂದ.

"ನನಗೆ ತಲೆ ಇದೆ," ಎಂದರು ಮೇಡಂ. "ನೀವೇ ಹೇಳ್ಕೊಳ್ಳಿ."

ಅಣ್ಣ ಗೋಡೆಗೆ ಹೇಳಿದ. ತಮ್ಮ ಫ್ಯಾನಿಗೆ ಉತ್ತರಿಸಿದ. ಕಾಗದ ಮಾತ್ರ ಒಂದೇ ಇತ್ತು, ಹೊತ್ತು ಮುಳುಗುತ್ತಿತ್ತು. ತಮ್ಮ ಒಂದು ಪದ ಹಾಕಿದರೆ ಅಣ್ಣ ಅದನ್ನು ಕತ್ತರಿಸುವನು. ಅಣ್ಣ ಕತ್ತರಿಸಿದ ಜಾಗ ತೂತಾಗಿ ಕಂಡು ತಮ್ಮ ಅದನ್ನು ಜೋಡಿಸುವನು. ಬೆಂಚಿನ ತುದಿಗಳು ಹತ್ತಿರವಾಗುತ್ತ ಬಂದವು.

"ಇಲ್ಲಿ ಆ ಪದ ಬೇಡ."

"ಯಾಕ್ ಬೇಡ?"

"ಒಂದು ಕೋಟಿಗೆ ಎಷ್ಟು ಕಾಲರ್ ಹಾಕ್ತೀಯೋ?"

ಗೋಡೆಗೂ ಫ್ಯಾನಿಗೂ ಬಿಡುವಾಗಿತ್ತು. ಇಬ್ಬರಿಗೂ ಅದರ ಅರಿವಿರಲಿಲ್ಲ.

ಕೊನೆಗೆ ಉಳಿದ ಇಂಗ್ಲಿಷ್ ತೀರಾ ಚಿಕ್ಕದು. ನಮ್ಮಲ್ಲೊಬ್ಬ ಕತ್ತರಿಸುತ್ತಾನೆ, ಒಬ್ಬ ಹೊಲಿಯುತ್ತಾನೆ. ಇನ್ನೊಬ್ಬನ ತಪ್ಪು ಸಿಗಲಿ ಎಂದು ಇಬ್ಬರೂ ಕಾಯುತ್ತೇವೆ, ಆದ್ದರಿಂದ ಯಾರೂ ತಪ್ಪು ಮಾಡುವುದಿಲ್ಲ. ಒಬ್ಬೊಬ್ಬನೇ ಇದ್ದರೆ ನಮ್ಮಲ್ಲಿ ಯಾರೂ ಇಷ್ಟು ಎಚ್ಚರದವರಲ್ಲ. ಅವನ ಅನುಮಾನಕ್ಕೂ ನನ್ನ ಅನುಮಾನಕ್ಕೂ ನಡುವೆ ಒಂದು ಸಿನರ್ಜಿ ಇದೆ. ಅದರಿಂದ ಹುಟ್ಟುವುದು, ವಾಪಸು ಬಾರದ ಕೋಟು.

ಮೇಡಂ ಅದನ್ನು ಓದಿ ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ತಿರುಗಿದಾಗ ಕಣ್ಣು ಒರೆಸಿಕೊಂಡಿದ್ದರು. ಪದ ಒಂದೇ ಸಲ ಬಂದಿದೆ, ಬರಬೇಕಾದ ಜಾಗದಲ್ಲಿ ಬಂದಿದೆ ಎಂದರು. ಆದರೆ ಕೈಬಿಟ್ಟೇನೆಂದರೂ ಹಳೆಯ ಕೆಲಸದ ಬುದ್ಧಿ ಬಿಡುತ್ತದೆಯೇ? ಬರೆದದ್ದು ನಿಜವೇ ಎಂದು ಅಂಗಡಿಗೇ ಬಂದು ನೋಡಿ, ಆಮೇಲೆ ಬೀಗದ ಕೈ ಕೊಡುವೆನೆಂದರು. ಜಗಳ ಇಲ್ಲದಿದ್ದರೆ ಸಿನರ್ಜಿಯೂ ಇಲ್ಲ, ಸಿನರ್ಜಿ ಇಲ್ಲದಿದ್ದರೆ ಪದದ ಬಳಕೆ ತಪ್ಪು, ತಪ್ಪಾದರೆ ನಮಸ್ಕಾರ.

ರಸ್ತೆಗಿಳಿದ ಮೇಲೆ ತಮ್ಮ, "ಅಣ್ಣಾ, ಆ ಅನುಮಾನ ಅನ್ನೋ ಪದ ಚೆನ್ನಾಗಿ ಹುಡುಕ್ದೆ," ಎಂದ. ಅಣ್ಣ ನಾಚಿಕೊಂಡ. ಕೊನೆಯ ವಾಕ್ಯದ ಹೊಲಿಗೆ ನಿನ್ನದೇ ಅಲ್ಲವೇನೋ ಎಂದು ಅವನ ಹೆಗಲ ಮೇಲೆ ಕೈ ಹಾಕಿದ. ಇಷ್ಟು ಕಾಲ ಇದನ್ನೇ ದೇವರಲ್ಲಿ ಬೇಡಿಕೊಂಡಿದ್ದ ಅತ್ತಿಗೆ ಇಬ್ಬರ ನಡುವೆ ನುಗ್ಗಿದಳು.

"ಕೈ ತೆಗೀರಿ," ಎಂದಳು ಗಂಡನಿಗೆ. "ಬೀಗದ ಕೈ ಬರೋವರ್ಗೂ ನೀವಿಬ್ರೂ ಹೊಂದ್ಕೋಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಹೊಂದಿಕೊಂಡಾಗಿತ್ತು. ಅಂಗಡಿಯಲ್ಲಿ ಈಗ ಅಣ್ಣ ಅಂದಾಜಿನ ಮೇಲೆ ಕತ್ತರಿಸಿ, ಪರವಾಗಿಲ್ಲ ಬಿಡು, ತಮ್ಮ ನೋಡಿಕೊಳ್ಳುತ್ತಾನೆ ಅನ್ನುವನು. ತಮ್ಮ ಕಣ್ಣು ಮುಚ್ಚಿ ಹೊಲಿದು, ಅಣ್ಣ ಕತ್ತರಿಸಿದ್ದಲ್ಲವೇ, ಸರಿಯಾಗೇ ಇರುತ್ತದೆ ಅನ್ನುವನು. ಸಾಹೇಬರನ್ನು ಕೇಳುವವರಿಲ್ಲ. ಮೇಷ್ಟ್ರು ಹೊಸ ಪ್ಯಾಂಟು ಹಿಡಿದು ವಾಪಸು ಬಂದರು. ಎರಡೂ ಜೇಬುಗಳ ಬಾಯಿ ಹೊಲಿದುಹೋಗಿತ್ತು. ಬರೆದ ಇಂಗ್ಲಿಷು ಅಕ್ಷರಶಃ ನಿಜವೆಂದು ಅತ್ತಿಗೆಗೆ ಅರ್ಥವಾಯಿತು.

ಅಷ್ಟರಲ್ಲಿ ಮೇಡಂ ಬಂದೇಬಿಟ್ಟರು. ಸ್ಟೂಲಿನ ಮೇಲೆ ಕೂತು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಶುರುವಾಗಲಿ ಎಂಬಂತೆ ನೋಡಿದರು. ಅಣ್ಣ ಎದೆಯುಬ್ಬಿಸಿ, "ನೀನು ತುಂಬಾ ಕೆಟ್ಟವನು," ಎಂದ, ಪಾಠ ಒಪ್ಪಿಸುವವನಂತೆ. "ಹೌದಣ್ಣ," ಎಂದ ತಮ್ಮ. "ನಿನ್ನ ಹೊಲಿಗೆ ಸರಿಯಿಲ್ಲ." "ನೀ ಹೇಳಿದ ಮೇಲೆ ಮುಗೀತು, ಸರಿಯಿರಲ್ಲ." ಅಣ್ಣ, ನೀರು ಕುಡಿಯುತ್ತೀಯಾ ಎಂದು ಕೇಳಿದ. ಮೇಡಮ್ಮಿನ ಹುಬ್ಬು ಮೇಲೇರಿತು. ಕೈಚೀಲದ ಜಿಪ್ಪು ಎಳೆಯುತ್ತ ಅವರು ಏಳುವುದರಲ್ಲಿದ್ದರು.

ಅತ್ತಿಗೆ ಸೂಜಿಯಿಂದ ಕಣ್ಣೆತ್ತಲಿಲ್ಲ. ದಾರ ಕಚ್ಚಿ ತುಂಡರಿಸಿ, ಏನೂ ಅರಿಯದವಳಂತೆ ಕೇಳಿದಳು:

"ಅದಿರಲಿ, ಹೊಸ ಅಂಗಡಿ ಬೋರ್ಡ್ ಮೇಲೆ ಮೊದಲು ಯಾರ ಹೆಸರು?"

"ನಂದು," ಎಂದರು ಇಬ್ಬರೂ.

ಒಂದು ಕ್ಷಣ ಮಷಿನ್ನಿನ ಚಕ್ರ ತಾನಾಗಿ ಅರ್ಧ ಸುತ್ತು ತಿರುಗಿ ನಿಂತಿತು. ಆಮೇಲೆ ಶುರುವಾಯಿತು. ಹಿರಿಯವನು ಯಾರೆಂದು ಅಣ್ಣ ಕೇಳಿದ. ಕತ್ತರಿಸಿದ ತುಂಡುಗಳನ್ನು ತೊಟ್ಟುಕೊಂಡು ಯಾರಾದರೂ ಬೀದಿಯಲ್ಲಿ ಓಡಾಡಿದ್ದಾರೆಯೇ ಎಂದು ತಮ್ಮ ಕೇಳಿದ. ಅನ್ನ ಹಾಕಿದ್ದು, ಮಷಿನ್ನು ಕೊಡಿಸಿದ್ದು, ಜ್ವರ ಬಂದಾಗ ಬಟ್ಟೆ ತಲುಪಿಸಿದ್ದು, ಯಾರ ನಗೆ ನೋಡಿ ಗಿರಾಕಿ ಬರುತ್ತಾರೆಂಬುದು, ಎಲ್ಲವೂ ಹೊರಬಿತ್ತು. ಮಾತಿನ ನಡುವೆಯೇ ಅಣ್ಣ ಮೇಜಿನ ಮೇಲಿನ ಬಟ್ಟೆಯನ್ನು ಮತ್ತೊಮ್ಮೆ ಅಳೆದ. ತಮ್ಮ ಆಗಷ್ಟೇ ಹಾಕಿದ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ತುಟಿ ಕಚ್ಚಿ, ಸರಸರ ಬಿಚ್ಚತೊಡಗಿದ.

ಮೇಡಂ ಕಣ್ಣು ಮುಚ್ಚಿ, ಸಂಗೀತ ಕೇಳುವವರಂತೆ ತಲೆದೂಗಿದರು. ಬಹಳ ಹೊತ್ತಿನ ಮೇಲೆ ಎದ್ದು, ಬೀಗದ ಕೈಯನ್ನು ಅಣ್ಣನಿಗೂ ಕೊಡದೆ ತಮ್ಮನಿಗೂ ಕೊಡದೆ ಅತ್ತಿಗೆಯ ಅಂಗೈಯಲ್ಲಿಟ್ಟು ಹೊರಟರು.

ಹೊಸ ಅಂಗಡಿಯಲ್ಲಿ ಬೆಳಕು ಚೆನ್ನಾಗಿದೆ. ಬೋರ್ಡು ಮಾತ್ರ ಇನ್ನೂ ಬಂದಿಲ್ಲ. ಬೋರ್ಡು ಬರೆಯುವವನು ಆಗೊಮ್ಮೆ ಈಗೊಮ್ಮೆ ಬಂದು ಕೇಳುತ್ತಾನೆ. ಅವಸರ ಏನಪ್ಪಾ, ಅವರಿಬ್ಬರೂ ಒಂದು ತೀರ್ಮಾನಕ್ಕೆ ಬರಲಿ ಎಂದು ಅತ್ತಿಗೆ ಅವನಿಗೆ ಕಾಫಿ ಕೊಟ್ಟು ಕಳಿಸುತ್ತಾಳೆ. ಹೊಲಿಗೆ ಅಂಗಡಿ ಎಲ್ಲಿ ಎಂದು ಹೊಸಬರು ಕೇಳಿದರೆ ಓಣಿಯ ಜನ ಕೈ ತೋರಿಸುವುದಿಲ್ಲ. ಒಂದು ನಿಮಿಷ ಸುಮ್ಮನೆ ನಿಂತು ಕಿವಿಗೊಡಿ ಎನ್ನುತ್ತಾರೆ.